ಫುಟ್‌ಬಾಲ್‌ನಲ್ಲಿ ಆರು ಕ್ಲಬ್ಬಿಗೆ ಆಡಿದೆ, ಹೆಸರು ಆಗಲಿಲ್ಲ. ಹೊರದೇಶದಲ್ಲಿ ಕೋಚ್ ಆಗಬಹುದಾ?

ಪ್ರಶ್ನೆ: ನನಗೆ 31 ವರ್ಷ. ಮಂಡ್ಯ ಹತ್ತಿರದ ಹಳ್ಳಿಯವನು. ಮೈಸೂರು ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ್ದೆ. ಆಮೇಲೆ ಬೆಂಗಳೂರಿನಲ್ಲಿ ಒಂಬತ್ತು ವರ್ಷ, ಆರು ಕ್ಲಬ್. ಎ ಡಿವಿಷನ್ ಜಾಸ್ತಿ, ಅದರ ಮೇಲಿನ ಸೂಪರ್ ಡಿವಿಷನ್ ಸ್ವಲ್ಪ. ಸ್ಟಾಪರ್ ಬ್ಯಾಕ್ (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್) ಆಡುತ್ತಿದ್ದೆ, ಅರ್ಧದಷ್ಟು ಪಂದ್ಯಗಳನ್ನು ಬೆಂಚಿನಲ್ಲೇ ಕಳೆದೆ. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಆಗಲಿಲ್ಲ. ಮಂಡಿ ನೋವು ಬಂದ ಮೇಲೆ ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಮುಗಿಸಿ, ಈಗ ಮೈಸೂರಿನ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೇನೆ. ದುಬೈನಲ್ಲಿ ಫುಟ್‌ಬಾಲ್ ಅಕಾಡೆಮಿ ಕೆಲಸ ಕೊಡಿಸುತ್ತೇನೆ ಅಂತ ಒಬ್ಬ ಏಜೆಂಟ್ ಮೂರೂವರೆ ಲಕ್ಷ ಕೇಳುತ್ತಿದ್ದಾನೆ. ಮೊದಲು ವಿಸಿಟ್ ವೀಸಾದಲ್ಲಿ ಹೋಗಬೇಕಂತೆ. ಇರೋ ಕೆಲಸ ಬಿಡಬೇಡ ಅಂತಾರೆ ಅಮ್ಮ. ನನ್ನಂಥ ಹೆಸರಿಲ್ಲದ ಆಟಗಾರನನ್ನು ಅಲ್ಲಿ ಕೋಚ್ ಅಂತ ಯಾರಾದರೂ ಒಪ್ಪುತ್ತಾರಾ?

ಉತ್ತರ: ಏಜೆಂಟ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ದುಡ್ಡು ಕೊಡಬೇಡಿ. ಯಾಕೆ ಅನ್ನುವುದು ಕೆಳಗೆ ಬರುತ್ತದೆ. ನಿಮ್ಮ ನಿಜವಾದ ಪ್ರಶ್ನೆ ಇರುವುದು ಕೊನೇ ಸಾಲಿನಲ್ಲಿ. ಅದನ್ನೇ ಮೊದಲು ತಗೊಳ್ಳೋಣ.

ಒಪ್ಪುತ್ತಾರೆ. ಆದರೆ ನೀವು ಎಲ್ಲಿ ಆಡಿದ್ದೀರಿ ಅನ್ನುವುದನ್ನು ನೋಡಿ ಅಲ್ಲ. ನಾನು ಮೈಸೂರಿನವನು. ಮಸ್ಕತ್‌ನಲ್ಲಿ ಹನ್ನೊಂದು ವರ್ಷ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಟ್ಟು ವಾಪಸ್ ಬಂದಿದ್ದೇನೆ. ಅಷ್ಟೂ ವರ್ಷದಲ್ಲಿ "ನೀವು ಯಾವ ಕ್ಲಬ್ಬಿಗೆ ಆಡ್ತಿದ್ರಿ?" ಅಂತ ಕೇಳಿದ ತಂದೆತಾಯಿಗಳು ನಾಲ್ಕೈದು ಜನ ಇರಬಹುದು. ಕೇಳಿದವರಿಗೂ ಬೆಂಗಳೂರು ಸೂಪರ್ ಡಿವಿಷನ್ ಅಂದರೆ ಏನು ಗೊತ್ತು? ಅಲ್ಲಿ ಆರು ಕ್ಲಬ್ಬೂ ಒಂದೇ, ಅರವತ್ತು ಕ್ಲಬ್ಬೂ ಒಂದೇ. ಬೇಜಾರಾಗಬೇಡಿ. ಬೆಂಚಿನಲ್ಲಿ ಕೂತಿದ್ದೂ ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ!

ಹೆಸರಿಲ್ಲದ ಆಟಗಾರ ಹೊರದೇಶಕ್ಕೆ ಹೋಗಿ ಕೋಚ್ ಆಗುವುದು ಹೊಸದೇನಲ್ಲ. ನೀವು ಬೆಂಗಳೂರಿಗೆ ಬಂದ ಆಸುಪಾಸಿನಲ್ಲೇ ಅಂಥ ಒಬ್ಬರು ನಿಮ್ಮ ಕಣ್ಣ ಮುಂದೆ ಇದ್ದರು. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದಾಗ ಕೋಚ್ ಆಗಿ ಬಂದ ಆಶ್ಲೇ ವೆಸ್ಟ್‌ವುಡ್. ಅವರೂ ನಿಮ್ಮ ಹಾಗೆ ಸ್ಟಾಪರ್ ಬ್ಯಾಕ್. ಹುಡುಗನಾಗಿದ್ದಾಗ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಕಲಿತರು, ಆದರೆ ಅದರ ಮೊದಲ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಆಮೇಲೆ ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್, ರೆಕ್ಸಮ್ ಅಂತ ಗಂಟುಮೂಟೆ ಕಟ್ಟಿಕೊಂಡು ಅಲೆದರು. ಇಂಗ್ಲೆಂಡಿನಲ್ಲಿ ಸಹಾಯಕ ಕೋಚ್ ಆಗಿದ್ದು, ಇಲ್ಲಿಗೆ ಬಂದು ಮೊದಲ ವರ್ಷವೇ ಹೊಚ್ಚಹೊಸ ತಂಡಕ್ಕೆ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದುಕೊಟ್ಟರು. 2015–16ರಲ್ಲಿ ಇನ್ನೊಮ್ಮೆ. ಆಮೇಲೆ ಮಲೇಷ್ಯಾಕ್ಕೂ ಹೋದರು, ಅಫ್ಘಾನಿಸ್ತಾನ ಮತ್ತು ಹಾಂಗ್‌ಕಾಂಗ್ ದೇಶದ ತಂಡಗಳನ್ನೂ ನೋಡಿಕೊಂಡರು.

ನಮ್ಮ ದೇಶದ ತಂಡವನ್ನು ಎರಡು ಸಲ ನೋಡಿಕೊಂಡ ಸ್ಟೀಫನ್ ಕಾನ್‌ಸ್ಟಂಟೈನ್ ಕತೆ ಇನ್ನೂ ನಿಮಗೆ ಹತ್ತಿರ. ಮಂಡಿಗೆ ಪೆಟ್ಟಾಗಿ 26ಕ್ಕೇ ಆಟ ಮುಗಿಯಿತು. ಆಡಿದ್ದಾದರೂ ಎಲ್ಲಿ? ಸೈಪ್ರಸ್, ಅಮೆರಿಕದ ಸಣ್ಣ ಕ್ಲಬ್ಬುಗಳಲ್ಲಿ. ಆಮೇಲೆ ನೇಪಾಳ, ಭಾರತ, ಮಲಾವಿ, ಸುಡಾನ್, ರುವಾಂಡಾ. 2015ರಲ್ಲಿ ಮತ್ತೆ ಇಲ್ಲಿಗೆ ಬಂದಾಗ ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ 170ರ ಆಚೆ ಇತ್ತು. 2017ರಲ್ಲಿ 96ಕ್ಕೆ ಬಂತು. ಅವರು ಆಡಿಸುತ್ತಿದ್ದ ರೀತಿ ನನಗೆ ಅಷ್ಟೇನೂ ಹಿಡಿಸಿರಲಿಲ್ಲ, ಅದು ಬೇರೆ ಮಾತು.

ಇವರೆಲ್ಲ ಬಿಳಿಯರು, ಅವರ ಪಾಸ್‌ಪೋರ್ಟ್ ಬೇರೆ, ನಮ್ಮದು ಬೇರೆ ಅಂತ ನಿಮ್ಮ ಮನಸ್ಸಿಗೆ ಬಂದಿರುತ್ತದೆ. ಬರಬೇಕಾದ್ದೇ. ಮೈಸೂರಿನ ಹುಡುಗ ಇಂಗ್ಲೆಂಡಿಗೆ ಹೋಗಿ ಕ್ಲಬ್ಬಿನ ಕೋಚ್ ಆಗುವ ದಾರಿ ಇವತ್ತಿಗೂ ಬಹಳ ಕಿರಿದು. ಅಲ್ಲಿನ ಕ್ರೀಡಾ ವೀಸಾಕ್ಕೆ ಅಲ್ಲಿನ ಫುಟ್‌ಬಾಲ್ ಸಂಸ್ಥೆಯೇ ಒಪ್ಪಿಗೆ ಪತ್ರ ಕೊಡಬೇಕು. ನಮ್ಮಂಥವರಿಗೆ ತೆರೆದಿರುವುದು ಮಕ್ಕಳ ಫುಟ್‌ಬಾಲ್, ಅದೂ ಹೆಚ್ಚಾಗಿ ಗಲ್ಫ್‌ನಲ್ಲಿ. ಅದನ್ನು ಸಣ್ಣದು ಅಂದುಕೊಂಡರೆ ಹೋಗಲೇಬೇಡಿ. ನನ್ನ ಜೊತೆ ಬಂದ ಇಬ್ಬರು ಹಾಗೆ ಅಂದುಕೊಂಡೇ ವರ್ಷದೊಳಗೆ ವಾಪಸಾದರು.

ಇನ್ನೊಬ್ಬರ ಕತೆ ಹೇಳಬೇಕು. ಗ್ರಹಾಂ ಪಾಟರ್. ಇಂಗ್ಲೆಂಡಿನಲ್ಲಿ ಲೆಫ್ಟ್ ಬ್ಯಾಕ್ (ಎಡಬದಿಯ ಡಿಫೆಂಡರ್), ಬರ್ಮಿಂಗ್‌ಹ್ಯಾಮ್‌ನಿಂದ ಹಿಡಿದು ಮ್ಯಾಕಲ್ಸ್‌ಫೀಲ್ಡ್ ತನಕ ಹತ್ತಾರು ಕಡೆ ಆಡಿ 2005ರಲ್ಲಿ, 30ನೇ ವಯಸ್ಸಿಗೆ ಬೂಟು ಕಳಚಿದರು. ಆಡುತ್ತಲೇ ದೂರಶಿಕ್ಷಣದಲ್ಲಿ ಪದವಿಗೆ ಓದಿದ್ದರು. ಮುಂದೆ ಐದು ವರ್ಷ ವಿಶ್ವವಿದ್ಯಾಲಯಗಳ ಹುಡುಗರಿಗೆ ಹೇಳಿಕೊಟ್ಟರು. ಟಿವಿಯಿಲ್ಲ, ಪತ್ರಿಕೆಯಿಲ್ಲ. 2011ರ ಹೊತ್ತಿಗೆ ಸ್ವೀಡನ್ನಿನ ನಾಲ್ಕನೇ ದರ್ಜೆಯ ಊಸ್ಟರ್‌ಸುಂಡ್ ಅನ್ನೋ ತಂಡ ಕರೆಯಿತು. ಚಳಿಯ ಊರು, ಸಣ್ಣ ಕ್ಲಬ್ಬು. ಮೂರು ಸಲ ಬಡ್ತಿ ಪಡೆದು ಆ ತಂಡ ಮೇಲಿನ ದರ್ಜೆಗೆ ಬಂತು, 2017ರಲ್ಲಿ ಸ್ವೀಡನ್ನಿನ ಕಪ್ ಗೆದ್ದಿತು, 2018ರ ಫೆಬ್ರವರಿಯಲ್ಲಿ ಲಂಡನ್ನಿಗೇ ಹೋಗಿ ಆರ್ಸೆನಲ್ ತಂಡವನ್ನು 2–1ರಿಂದ ಸೋಲಿಸಿತು. ಎರಡು ಪಂದ್ಯದ ಒಟ್ಟು ಲೆಕ್ಕದಲ್ಲಿ ಸೋತರು ಅನ್ನಿ. ಜನ ಆ ರಾತ್ರಿಯನ್ನು ನೆನೆಸಿಕೊಳ್ಳುತ್ತಾರೆ. ನೀವು ನೋಡಬೇಕಾದ್ದು ಅದಕ್ಕೂ ಹಿಂದಿನ ಆ ಐದು ವರ್ಷ, ಕಾಲೇಜು ಹುಡುಗರ ಜೊತೆ ಕಳೆದದ್ದು. ನೀವೀಗ ಶಾಲೆಯ ಮೈದಾನದಲ್ಲಿದ್ದೀರಲ್ಲ, ಅದೇ ಜಾಗ.

ಬೆಂಚಿನ ಬಗ್ಗೆ ನಾಚಿಕೆಯಿಂದ ಬರೆದಿದ್ದೀರಿ. ಬೇಡ. ಚೆನ್ನಾಗಿ ಆಡುವವನಿಗೆ ಆಟ ಕಾಲಿಗೆ ತಾನಾಗೇ ಬರುತ್ತದೆ. ಹೇಗೆ ಮಾಡಿದೆ ಅಂತ ಕೇಳಿ ನೋಡಿ, "ಸುಮ್ನೆ ಹಿಂಗೆ ಒದ್ದೆ" ಅಂತಾನೆ. ನಿಮಗೆ ಹಾಗೆ ಬರಲಿಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ಮುಂದೆ ಹೋಗಬೇಕು, ವೇಗದ ಫಾರ್ವರ್ಡ್ ಬಂದರೆ ಯಾವ ಕಡೆ ತಳ್ಳಬೇಕು ಅಂತ ಒಂದೊಂದನ್ನೂ ಯೋಚಿಸಿ ಕಲಿತಿದ್ದೀರಿ. ಯೋಚಿಸಿ ಕಲಿತದ್ದನ್ನು ಮಾತ್ರ ಇನ್ನೊಬ್ಬರಿಗೆ ಬಿಡಿಸಿ ಹೇಳಲು ಆಗುವುದು. ಜೊತೆಗೆ ಆರು ಕ್ಲಬ್ಬಲ್ಲಿ ಆರು ಕೋಚ್ ಕೈಕೆಳಗೆ ಇದ್ದಿರಿ. ಒಂದೇ ಕ್ಲಬ್ಬಿನಲ್ಲಿ ಹತ್ತು ವರ್ಷ ಆಡಿದವನಿಗೆ ಈ ಭಾಗ್ಯ ಇಲ್ಲ.

ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ ತಗೊಳ್ಳಿ. ಒಬ್ಬೊಬ್ಬ ಕೋಚ್‌ಗೆ ನಾಲ್ಕು ಪುಟ ಬಿಡಿ. ಸೋಮವಾರ ಏನು ಮಾಡಿಸುತ್ತಿದ್ದರು, ಪಂದ್ಯದ ಹಿಂದಿನ ದಿನ ಏನು, ಸೋತಾಗ ಏನಂದರು, ನಿಮ್ಮನ್ನು ತಂಡದಿಂದ ಕೈಬಿಟ್ಟಾಗ ಮುಖ ನೋಡಿ ಹೇಳಿದರಾ ಅಥವಾ ಬೋರ್ಡ್ ನೋಡಿ ತಿಳ್ಕೊಂಡ್ರಾ. ಈ ಕೊನೆಯದನ್ನು ಮರೆಯದೆ ಬರೆಯಿರಿ. ನಾಳೆ ನೀವೇ ಹನ್ನೊಂದು ಹುಡುಗರನ್ನು ಆರಿಸಿ ಐದು ಜನಕ್ಕೆ ಇಲ್ಲ ಅನ್ನಬೇಕಾಗುತ್ತದೆ. ನಾನು ಈ ಪುಸ್ತಕ ಬರೆದದ್ದು ತಡವಾಗಿ, ಮಸ್ಕತ್‌ಗೆ ಹೋಗಿ ಪೆಟ್ಟು ತಿಂದ ಮೇಲೆ.

ಆ ಪೆಟ್ಟು ಹೀಗಿತ್ತು. ಮೊದಲ ವಾರ. ಒಂಬತ್ತು ವರ್ಷದ ಹದಿನಾರು ಮಕ್ಕಳು. ನಮಗೆ ಹೇಗೆ ಹೇಳಿಕೊಟ್ಟಿದ್ದರೋ ಹಾಗೇ ಮಾಡಿಸಿದೆ. ಎರಡು ಸುತ್ತು ಓಟ, ಕಸರತ್ತು, ಆಮೇಲೆ ಎಲ್ಲರೂ ಒಂದೇ ಸಾಲು. ಚೆಂಡು ನನಗೆ ಕೊಡು, ನಾನು ತಳ್ಳುತ್ತೇನೆ, ಗೋಲಿಗೆ ಹೊಡಿ, ಸಾಲಿನ ಹಿಂದೆ ಹೋಗು. ಸಾಲಲ್ಲಿ ಮಾತಾಡಿದವರಿಗೆ ಇನ್ನೊಂದು ಸುತ್ತು ಓಟ. ಸೆಷನ್ ಚೆನ್ನಾಗಿ ಆಯ್ತು ಅಂತ ಖುಷಿಯಲ್ಲಿ ಕೋನ್ ಎತ್ತಿಡುತ್ತಿದ್ದೆ. ಒಬ್ಬ ತಂದೆ ಹತ್ತಿರ ಬಂದು ಬಹಳ ಮೆತ್ತಗೆ ಹೇಳಿದರು: "ಒಂದು ಗಂಟೆಯಲ್ಲಿ ನನ್ನ ಮಗ ಹದಿನಾಲ್ಕು ಸಲ ಚೆಂಡು ಮುಟ್ಟಿದ. ನಾನು ಎಣಿಸಿದೆ."

ಆ ರಾತ್ರಿ ನಿದ್ದೆ ಬರಲಿಲ್ಲ. ಲೆಕ್ಕ ಹಾಕಿದರೆ ಆತ ಹೇಳಿದ್ದು ಸರಿಯಾಗೇ ಇತ್ತು. ಹದಿನಾರು ಜನರ ಸಾಲಿನಲ್ಲಿ ಒಬ್ಬೊಬ್ಬರಿಗೆ ಹದಿನೈದು ಸೆಕೆಂಡು ಹಿಡಿದರೂ ನಿಮ್ಮ ಸರದಿ ಬರೋದು ನಾಲ್ಕು ನಿಮಿಷಕ್ಕೊಮ್ಮೆ. ಅದೇ ಹದಿನಾರು ಮಕ್ಕಳನ್ನು ನಾಲ್ಕು ನಾಲ್ಕು ಜನರ ತಂಡ ಮಾಡಿ, ಎರಡು ಸಣ್ಣ ಮೈದಾನ ಗುರುತು ಮಾಡಿ ಬಿಟ್ಟುಬಿಡಿ. ಯಾರೂ ಸಾಲಲ್ಲಿ ನಿಲ್ಲುವುದಿಲ್ಲ. ನಿಮಿಷಕ್ಕೆ ಎರಡು ಮೂರು ಸಲ ಚೆಂಡು ಸಿಗುತ್ತದೆ, ಎದುರಾಳಿ ಇರುತ್ತಾನೆ, ಯೋಚಿಸಲೇಬೇಕಾಗುತ್ತದೆ. ಈಗ ಎಲ್ಲ ಕೋಚಿಂಗ್ ಕೋರ್ಸಿನಲ್ಲೂ ಮಕ್ಕಳಿಗೆ ಇಂಥ ಸಣ್ಣ ಆಟಗಳನ್ನೇ ಹೇಳುವುದು. ನನಗೆ ಅದು ಕಾಗದದ ಮೇಲೆ ಗೊತ್ತಿತ್ತು. ಕೈಗೆ ಮಾತ್ರ ಹಳೇ ಅಭ್ಯಾಸವೇ ಬರುತ್ತಿತ್ತು. ಶಿಕ್ಷೆಗೆ ಓಡಿಸುವುದನ್ನು ಬಿಡಲು ಮಾತ್ರ ವರ್ಷವೇ ಬೇಕಾಯ್ತು. ಬಿಡಿಸಿದ್ದು ಕೋರ್ಸ್ ಅಲ್ಲ, ಒಬ್ಬ ಹುಡುಗಿ. "ಓಡೋದು ಶಿಕ್ಷೆ ಅಂದ್ರೆ, ಮ್ಯಾಚಲ್ಲಿ ಯಾಕೆ ಓಡು ಓಡು ಅಂತೀರಿ ಕೋಚ್?" ಅಂದಳು.

ಹಾಗಾಗಿ ಇವತ್ತು ಸಂಜೆಯೇ ನಿಮ್ಮ ಶಾಲೆಯಲ್ಲಿ ಒಂದು ಪರೀಕ್ಷೆ ಮಾಡಿ. ಒಂದು ಮಗುವನ್ನು ಆರಿಸಿ, ಪೂರ್ತಿ ಸೆಷನ್ ಅದು ಎಷ್ಟು ಸಲ ಚೆಂಡು ಮುಟ್ಟುತ್ತದೆ ಅಂತ ಯಾರಿಗಾದರೂ ಎಣಿಸಲು ಹೇಳಿ. ಬಂದ ಸಂಖ್ಯೆ ನೋಡಿ ನಿಮಗೇ ಗೊತ್ತಾಗುತ್ತದೆ.

ಇನ್ನು ಕಾಗದಪತ್ರ. ಲೈಸೆನ್ಸ್ ಇಲ್ಲದೆ ಮುಂದೆ ಹೋಗಲು ಆಗುವುದಿಲ್ಲ. ದೊಡ್ಡ ಆಟಗಾರರಿಗೂ ಇದು ತಪ್ಪಿದ್ದಲ್ಲ. ಕೆಳಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸ್. ಅದರ ಮೇಲೆ ಏಷ್ಯಾ ಫುಟ್‌ಬಾಲ್ ಒಕ್ಕೂಟದ, ಅಂದರೆ ಎಎಫ್‌ಸಿಯ ಸಿ, ಬಿ, ಎ, ಕೊನೆಗೆ ಪ್ರೊ. ಡಿ ಅಂದರೆ ಸುಮಾರು ಒಂದು ವಾರದ ಕೋರ್ಸ್. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಕಡೆಯಿಂದ ಬೆಂಗಳೂರಿನಲ್ಲಿ ನಡೆಯುತ್ತಿರುತ್ತದೆ, ಸೀಟು ಬೇಗ ತುಂಬುತ್ತದೆ. ಸಿ ಮಾಡಲು ಡಿ ಆಗಿರಬೇಕು, ನಡುವೆ ನೀವು ಕೋಚಿಂಗ್ ಮಾಡಿರಲೂ ಬೇಕು. ಒಂದರ ಹಿಂದೆ ಒಂದು ಓಡಿ ಮುಗಿಸುವಂಥದ್ದಲ್ಲ.

ಎಎಫ್‌ಸಿಯಲ್ಲಿ 47 ಸದಸ್ಯ ಸಂಸ್ಥೆಗಳಿವೆ. ಒಮಾನ್, ಕತಾರ್, ಯುಎಇಯಿಂದ ಮಾಲ್ಡೀವ್ಸ್, ನೇಪಾಳ, ಆಸ್ಟ್ರೇಲಿಯಾ ತನಕ. ನಿಮ್ಮ ಸಿ ಲೈಸೆನ್ಸ್ ಇಷ್ಟು ಕಡೆ ಅರ್ಥವಾಗುವ ಕಾಗದ. ಯೂರೋಪಿನಲ್ಲಿ ಲೆಕ್ಕ ಬೇರೆ, ಅಲ್ಲಿನವರು ಮತ್ತೆ ಪರಿಶೀಲಿಸುತ್ತಾರೆ. ನನ್ನ ಅನುಭವದಲ್ಲಿ ಡಿ ಇದ್ದರೆ ಸಹಾಯಕ ಅಂತ ತಗೊಳ್ಳುತ್ತಾರೆ, ಸಿ ಇದ್ದರೆ ಒಂದು ವಯಸ್ಸಿನ ತಂಡ ಕೈಗೆ ಕೊಡುತ್ತಾರೆ. ಇದರ ಜೊತೆ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್, ಮಕ್ಕಳ ಸುರಕ್ಷತೆಯ ಕೋರ್ಸ್ ಮಾಡಿಕೊಳ್ಳಿ. ಎರಡನೆಯದನ್ನು ಫಿಫಾ ಆನ್‌ಲೈನ್‌ನಲ್ಲೇ ನಡೆಸುತ್ತದೆ. ಮಕ್ಕಳ ಜೊತೆ ಕೆಲಸ ಅಂದರೆ ಪೊಲೀಸ್ ಕ್ಲಿಯರೆನ್ಸ್ ಕೇಳೇ ಕೇಳುತ್ತಾರೆ. ಅದಕ್ಕೆ ಅರ್ಜಿ ಪಾಸ್‌ಪೋರ್ಟ್ ಸೇವೆಯ ಮೂಲಕ. (ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ಶುರುವಾದಾಗ, 2017ರ ಜನವರಿಯಲ್ಲಿ, ದೇಶದ ಮೊದಲ ಎರಡು ಕೇಂದ್ರಗಳಲ್ಲಿ ಒಂದು ನಮ್ಮ ಮೈಸೂರಿನದು. ನಮ್ಮ ಕಾಲದಲ್ಲಿ ಬೆಂಗಳೂರಿಗೆ ಮುಂಜಾನೆ ಬಸ್ಸು ಹಿಡಿಯಬೇಕಿತ್ತು.)

ಡಿ ಆದ ಮೇಲೆ ಎಲ್ಲಿ ಕೋಚಿಂಗ್ ಮಾಡೋದು ಅಂತೀರಾ? ನಿಮ್ಮ ಊರಲ್ಲೇ. ಮಂಡ್ಯದಲ್ಲಿ ಕಬಡ್ಡಿ ಅಂದರೆ ಊರೇ ಸೇರುತ್ತದೆ, ಫುಟ್‌ಬಾಲ್‌ಗೆ ಯಾರೂ ತಿರುಗಿ ನೋಡಲ್ಲ, ನಿಜ. ಹಾಗಂತಲೇ ಅಲ್ಲಿ ಪೈಪೋಟಿಯೂ ಇಲ್ಲ. ಭಾನುವಾರ ಬೆಳಗ್ಗೆ ಸರ್ಕಾರಿ ಶಾಲೆಯ ಮೈದಾನದಲ್ಲಿ ಇಪ್ಪತ್ತು ಮಕ್ಕಳನ್ನು ಸೇರಿಸಿ. ಒಂದು ಸಂಗತಿ ನೆನಪಿರಲಿ: ಕಬಡ್ಡಿ ಆಡಿದ ಹುಡುಗ ಒಳ್ಳೇ ಡಿಫೆಂಡರ್ ಆಗುತ್ತಾನೆ. ಮಂಡಿ ಬಗ್ಗಿಸಿ ನಿಲ್ಲುವುದು, ಎದುರಿನವನ ಸೊಂಟ ನೋಡುವುದು, ಇದೆಲ್ಲ ಅವನಿಗೆ ಹೇಳಿಕೊಡಬೇಕಾಗಿಲ್ಲ. ಮೈಸೂರಿನಲ್ಲಾದರೆ ಬೈಲಕುಪ್ಪೆಯ ಟಿಬೆಟನ್ ಹುಡುಗರ ಜೊತೆ ಪಂದ್ಯ ಇಟ್ಟುಕೊಳ್ಳಿ. ಅವರಿಗೆ ಫುಟ್‌ಬಾಲ್ ಅಂದರೆ ಪ್ರಾಣ. ನಿಮ್ಮ ಹುಡುಗರಿಗೆ ಗೊತ್ತಿಲ್ಲದ ಭಾಷೆಯಲ್ಲಿ ಎದುರಿನ ತಂಡ ಕೂಗಾಡುತ್ತಿದ್ದರೆ ಹೇಗಿರುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಗಲ್ಫ್‌ನಲ್ಲಿ ದಿನಾ ಅದೇ.

ಪ್ರತಿ ಸೆಷನ್ನನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ತಾರೀಖು, ಎಷ್ಟು ಮಕ್ಕಳು, ಏನು ಕಲಿಸಲು ಹೊರಟಿರಿ, ಏನಾಯಿತು. ಹತ್ತು ನಿಮಿಷದ ವಿಡಿಯೊ ಮಾಡಿಸಿ. ನೀವು ಒದೆಯುವುದಲ್ಲ, ಹೇಳಿಕೊಡುವುದು. ಮಕ್ಕಳ ಮನೆಯವರ ಒಪ್ಪಿಗೆ ಕೇಳಿಯೇ ಮಾಡಿ. ಸಂದರ್ಶನದಲ್ಲಿ ನನಗೆ ಕೆಲಸ ಕೊಟ್ಟದ್ದು ಇಂಥ ಅರವತ್ತು ಹಾಳೆಗಳ ಫೈಲು. ಕಪ್‌ಗಳ ಫೋಟೊ ಆಲ್ಬಮ್ ಸಹ ಒಯ್ದಿದ್ದೆ. ತೆರೆಯಲೂ ಇಲ್ಲ.

ಭಾಷೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಗ್ಲಿಷ್ ಬೇಕು, ಆದರೆ ಭಾಷಣದ ಇಂಗ್ಲಿಷ್ ಅಲ್ಲ. ಇಪ್ಪತ್ತು ಸೆಕೆಂಡಿನೊಳಗೆ ಒಂದು ವಿಷಯ ಹೇಳಿ ಮುಗಿಸುವುದು ಗೊತ್ತಿರಬೇಕು. ಕನ್ನಡದಲ್ಲೇ ಮೊದಲು ಅಭ್ಯಾಸ ಮಾಡಿ. ಕನ್ನಡದಲ್ಲಿ ಉದ್ದ ಎಳೆಯುವವರು ಇಂಗ್ಲಿಷಲ್ಲೂ ಎಳೆಯುತ್ತಾರೆ.

ಈಗ ಒಂದು ಮಾತು ಹೇಳುತ್ತೇನೆ, ನಿಮಗೆ ಅಷ್ಟು ಇಷ್ಟ ಆಗಲಿಕ್ಕಿಲ್ಲ. ನಿಮ್ಮ ಕೈಲಿರುವ ದೊಡ್ಡ ಅಸ್ತ್ರ ಒಂಬತ್ತು ವರ್ಷದ ಫುಟ್‌ಬಾಲ್ ಅಲ್ಲ, ಆ ಬಿ.ಪಿ.ಎಡ್. ಗಲ್ಫ್‌ನಲ್ಲಿ ನಮ್ಮ ಸಿಬಿಎಸ್‌ಇ ಓದಿಸುವ ಭಾರತೀಯ ಶಾಲೆಗಳು ಬೇಕಾದಷ್ಟಿವೆ. ಅವಕ್ಕೆ ಪಿ.ಟಿ. ಮೇಷ್ಟ್ರು ಬೇಕು. ಅಕಾಡೆಮಿಯಲ್ಲಿ ಎಷ್ಟೋ ಕಡೆ ಸೆಷನ್ ಲೆಕ್ಕದಲ್ಲಿ ದುಡ್ಡು. ಜುಲೈ, ಆಗಸ್ಟ್ ಸೆಕೆಗೆ ಮಕ್ಕಳು ಊರಿಗೆ ಹೋದರೆ ನಿಮ್ಮ ಸಂಪಾದನೆಯೂ ಊರಿಗೆ ಹೋಯಿತು. ಶಾಲೆಯಾದರೆ ತಿಂಗಳ ಸಂಬಳ. ಹಗಲು ಶಾಲೆ, ಸಂಜೆ ಕೋಚಿಂಗ್ ಅಂತ ಮಾಡುವವರಿದ್ದಾರೆ. ಆದರೆ ಸಂಜೆ ಕೆಲಸಕ್ಕೆ ಕಾನೂನಿನ ಪ್ರಕಾರ ಅನುಮತಿ ಬೇಕು, ಕದ್ದು ಮಾಡಬೇಡಿ. ದುಬೈನ ಖಾಸಗಿ ಶಾಲೆಗೆ ಸೇರಬೇಕಾದರೆ ಕೆಎಚ್‌ಡಿಎ ಅನ್ನುವ ಸಂಸ್ಥೆಯ ಒಪ್ಪಿಗೆ ಬೇಕು. ಅದಕ್ಕೆ ಅಟೆಸ್ಟ್ ಆದ, ಅಂದರೆ ಅಸಲಿ ಅಂತ ಮುದ್ರೆ ಬಿದ್ದ ಪದವಿ ಪ್ರಮಾಣಪತ್ರ ಬೇಕು: ಮೊದಲು ಇಲ್ಲಿ ರಾಜ್ಯದ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ. ನಿಧಾನದ ಕೆಲಸ, ಈಗಲೇ ಶುರು ಮಾಡಿ.

ಏಜೆಂಟ್‌ಗೆ ಬರೋಣ. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ಇಮೈಗ್ರೇಟ್ ಅನ್ನುವ ಸರ್ಕಾರಿ ತಾಣದಲ್ಲಿ ಅವನ ಹೆಸರು ಇದೆಯಾ ನೋಡಿ. ನೋಂದಾಯಿಸಿದವನೂ ನಿಮ್ಮಿಂದ ಸೇವಾ ಶುಲ್ಕ ಅಂತ ತಗೊಳ್ಳಬಹುದಾದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ಮೂರೂವರೆ ಲಕ್ಷ ಎಲ್ಲಿ, ಮೂವತ್ತು ಸಾವಿರ ಎಲ್ಲಿ? ಇನ್ನು ಯುಎಇಯ ಕಾರ್ಮಿಕ ಕಾನೂನಿನಲ್ಲಿ ನೇಮಕದ ಖರ್ಚನ್ನು ಕೆಲಸ ಕೊಡುವವನೇ ಹೊರಬೇಕು, ಕೆಲಸಗಾರನಿಂದ ವಸೂಲಿ ಮಾಡುವ ಹಾಗಿಲ್ಲ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದಂತೂ ಅಲ್ಲಿ ಅಪರಾಧ. ಸಿಕ್ಕಿಬಿದ್ದರೆ ಏಜೆಂಟ್ ಮಂಡ್ಯದಲ್ಲಿರುತ್ತಾನೆ, ನೀವು ಅಲ್ಲಿರುತ್ತೀರಿ.

ಕೆಲಸದ ಪತ್ರ ಬಂದರೆ ಮೂಲ ವೇತನ ಎಷ್ಟು ಅಂತ ಮೊದಲು ನೋಡಿ. ಒಟ್ಟು ಸಂಬಳ ದೊಡ್ಡದಾಗಿ ತೋರಿಸಿ, ಮೂಲ ವೇತನ ಚಿಕ್ಕದಾಗಿ ಇಡುತ್ತಾರೆ. ಯುಎಇಯಲ್ಲಿ ಒಂದು ವರ್ಷ ಮುಗಿಸಿದವರಿಗೆ ಕೆಲಸ ಬಿಡುವಾಗ ಗ್ರಾಚುಟಿ ಸಿಗುತ್ತದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ವೇತನ, ಆದರೆ ಲೆಕ್ಕ ಮೂಲ ವೇತನದ ಮೇಲೆ. ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚು ಇಡುವ ಹಾಗಿಲ್ಲ. ಮನೆ ಯಾರದು, ವರ್ಷಕ್ಕೊಮ್ಮೆ ಟಿಕೆಟ್ ಯಾರದು, ರಜೆಯ ತಿಂಗಳಲ್ಲಿ ಸಂಬಳ ಇದೆಯಾ, ಎಲ್ಲ ಕಾಗದದಲ್ಲಿರಲಿ. ನಾನು ಮೊದಲು ಸೇರಿದ ಕಡೆ "ಬನ್ನಿ, ಆಮೇಲೆ ಸಹಿ ಮಾಡೋಣ" ಅಂದಿದ್ದರು. ಮೂರು ತಿಂಗಳು ಸಂಬಳ ಬರಲಿಲ್ಲ. ಕೇಳಲು ಹೋದರೆ ತೋರಿಸಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಆ ಮೂರು ತಿಂಗಳು ಊಟ ಹಾಕಿದ್ದು ಪಕ್ಕದ ರೂಮಿನ ಮಲಯಾಳಿ ಡ್ರೈವರ್.

ಅಮ್ಮ ಹೇಳಿದ್ದರಲ್ಲಿ ತಪ್ಪಿಲ್ಲ. ಇರೋ ಕೆಲಸ ಈಗ ಬಿಡಬೇಡಿ. ಡಿ ಲೈಸೆನ್ಸ್ ಶಾಲೆಯ ರಜೆಯಲ್ಲೇ ಆಗುತ್ತದೆ. ಎರಡು ವರ್ಷ ಮಕ್ಕಳನ್ನು ಆಡಿಸಿ, ದಸರಾ ಪಂದ್ಯಾವಳಿಗೆ ಒಂದು ತಂಡ ಕಟ್ಟಿ, ಸಿ ಮುಗಿಸಿ. ಆಗ ನಿಮಗೆ 34. ಕೋಚ್‌ಗೆ ಅದೇನೂ ವಯಸ್ಸಲ್ಲ. ಹಾಗಂತ ಅಮ್ಮನಿಗೆ ಪೂರ್ತಿ ಸೋಲಬೇಡಿ. 2023ರ ಮಾರ್ಚ್ 4ರಂದು ನಮ್ಮ ಕರ್ನಾಟಕ ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿ) ಗೆದ್ದದ್ದು ಎಲ್ಲಿ ಹೇಳಿ? ಸೌದಿಯ ರಿಯಾದ್‌ನಲ್ಲಿ, ಮೇಘಾಲಯದ ಎದುರು 3–2. ಅದಕ್ಕೂ ಹಿಂದೆ ಗೆದ್ದಿದ್ದು 1968–69ರಲ್ಲಿ, ಆಗ ತಂಡದ ಹೆಸರೇ ಮೈಸೂರು. ಗಲ್ಫ್ ಅಂದರೆ ಬರೀ ಕಟ್ಟಡದ ಕೂಲಿ ಅಂತ ಅಮ್ಮನ ತಲೆಯಲ್ಲಿದ್ದರೆ ಈ ಕತೆ ಹೇಳಿ ನೋಡಿ.

ಮಂಡಿಯನ್ನು ಹೋಗುವ ಮೊದಲೇ ಮೂಳೆ ಡಾಕ್ಟರಿಗೆ ತೋರಿಸಿ. ಅಲ್ಲಿ ಹೆಚ್ಚಿನ ಕಡೆ ಕೃತಕ ಹುಲ್ಲು, ದಿನಾ ಸಂಜೆ ನಾಲ್ಕು ಗಂಟೆ ಅದರ ಮೇಲೆ ನಿಂತಿರಬೇಕು. ನಾನು ಮೂರನೇ ವರ್ಷದಿಂದ ಮಾಡಿ ತೋರಿಸುವುದನ್ನೇ ಬಿಟ್ಟೆ. ಚೆನ್ನಾಗಿ ಮಾಡುವ ಮಗುವನ್ನು ಮುಂದೆ ಕರೆದು ಅದರ ಕೈಲೇ ಮಾಡಿಸುತ್ತಿದ್ದೆ. ಉಳಿದವರು ನನ್ನನ್ನು ನೋಡುವುದಕ್ಕಿಂತ ಅದನ್ನೇ ಹೆಚ್ಚು ಗಮನವಿಟ್ಟು ನೋಡುತ್ತಿದ್ದರು.